ಪೇಟೆಯೋ, ಹೊರವಲಯವೋ, ಹಳ್ಳಿಗಾಡೋ: ಅಮೆರಿಕದ ಕಾಲೇಜು ಇರುವ ಜಾಗವನ್ನು ಅಳೆದು ನೋಡುವ ಬಗೆ

ಅಮೆರಿಕದ ಕಾಲೇಜುಗಳ ಪಟ್ಟಿ ಮಾಡಲು ಕೂತಾಗ ನಮ್ಮ ಮನೆಗಳಲ್ಲಿ ಮೊದಲು ನೋಡುವುದು ರ‍್ಯಾಂಕು. ಆಮೇಲೆ ಶುಲ್ಕ. ಆಮೇಲೆ ಆ ಕಡೆ ಯಾರಾದರೂ ನೆಂಟರಿದ್ದಾರೆಯೇ ಎಂಬ ವಿಚಾರಣೆ. ಕಾಲೇಜು ಎಂಥ ಜಾಗದಲ್ಲಿದೆ ಎನ್ನುವ ಪ್ರಶ್ನೆ ಎದ್ದರೂ “ಸಿಟಿಯಾದರೆ ಒಳ್ಳೇದು, ಕೆಲಸ ಸಿಗುತ್ತೆ” ಎಂದೋ “ಹಳ್ಳಿಯಾದರೆ ಖರ್ಚು ಕಮ್ಮಿ, ಮಕ್ಕಳು ಓದ್ಕೊಂಡಿರ್ತಾರೆ” ಎಂದೋ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಆ ಎರಡು ಮಾತುಗಳೂ ಅರ್ಧ ಮಾತ್ರ ನಿಜ. ನಾಲ್ಕು ವರ್ಷ, ಅಥವಾ ಮಾಸ್ಟರ್ಸ್ ಆದರೆ ಎರಡು ವರ್ಷ, ಕಳೆಯಬೇಕಾದ ಜಾಗದ ಬಗ್ಗೆ ಅಷ್ಟು ಸಾಲದು.

ಅಮೆರಿಕದಲ್ಲಿ ಕಾಲೇಜುಗಳನ್ನು ನಗರ, ಉಪನಗರ, ಗ್ರಾಮೀಣ ಎಂದು ಮೂರು ಕಂತೆ ಕಟ್ಟುವ ರೂಢಿಯಿದೆ. ಹೊರದೇಶದಿಂದ ಹೋಗುವ ವಿದ್ಯಾರ್ಥಿಗೆ ಆ ಕಂತೆಗಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ಕೈಯಲ್ಲಿ ಕಾರಿಲ್ಲದೆ, ಫೆಬ್ರವರಿಯ ಒಂದು ಸಾಧಾರಣ ಸಂಜೆ, ಕೋಣೆಯಿಂದ ಹೊರಟು ಎಲ್ಲೆಲ್ಲಿಗೆ ಹೋಗಿ ವಾಪಸ್ ಬರಬಹುದು? ಕೆಳಗಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಹೆಜ್ಜೆ 1: ಹಣೆಪಟ್ಟಿಯ ಹಿಂದೆ ಏನಿದೆ ನೋಡಿ

ಕಾಲೇಜಿನ ಬ್ರೋಷರು ಹೇಳುವ “ನಗರಕ್ಕೆ ಹತ್ತಿರ” ಎಂಬ ಮಾತಿಗೆ ಅಳತೆ ಇಲ್ಲ. ಅಳತೆ ಇರುವುದು ಅಮೆರಿಕ ಸರ್ಕಾರದ ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರದ ವಿಂಗಡಣೆಗೆ. ಅದರ ‘ಕಾಲೇಜ್ ನ್ಯಾವಿಗೇಟರ್’ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿದರೆ ಕ್ಯಾಂಪಸ್ ಎಂಥ ಜಾಗದಲ್ಲಿದೆ ಎಂದು ಒಂದು ಸಾಲು ಬರುತ್ತದೆ. ಅಲ್ಲಿ ಮೂರಲ್ಲ, ಸಿಟಿ, ಸಬರ್ಬ್, ಟೌನ್, ರೂರಲ್ ಎಂದು ನಾಲ್ಕು ಗುಂಪುಗಳಿವೆ. ಪ್ರತಿಯೊಂದರಲ್ಲೂ ಮೂರು ಒಳಭಾಗಗಳು, ಒಟ್ಟು 12.

ಸಿಟಿಯಾದರೆ ಜನಸಂಖ್ಯೆ ನೋಡುತ್ತಾರೆ. 2,50,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ದೊಡ್ಡದು, 1,00,000ಕ್ಕಿಂತ ಕಡಿಮೆಯಿದ್ದರೆ ಸಣ್ಣದು, ನಡುವಿನದು ಮಧ್ಯಮ. ಟೌನ್ ಆದರೆ ದೂರ ನೋಡುತ್ತಾರೆ. ದೊಡ್ಡ ನಗರಪ್ರದೇಶದಿಂದ 10 ಮೈಲಿ, ಅಂದರೆ 16 ಕಿಲೋಮೀಟರಿನೊಳಗೆ ಇದ್ದರೆ ಅಂಚಿನದು. 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್ ದಾಟಿದರೆ ‘ರಿಮೋಟ್’. ಈ ‘ರಿಮೋಟ್’ ಎಂಬ ಪದ ಕಣ್ಣಿಗೆ ಬಿದ್ದರೆ ಅಲ್ಲೊಂದು ಗುರುತು ಹಾಕಿಕೊಳ್ಳಿ. ಬೇಡ ಎನ್ನಲಿಕ್ಕಲ್ಲ, ಮುಂದಿನ ಹೆಜ್ಜೆಗಳನ್ನು ಅದಕ್ಕೆ ಬಿಗಿಯಾಗಿ ಅನ್ವಯಿಸಲಿಕ್ಕೆ.

ಈ ವಿಂಗಡಣೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯ ಇರುವ ಇಥಾಕಾದ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ಇಂಥ ಊರು ಸರ್ಕಾರದ ಲೆಕ್ಕದಲ್ಲಿ ‘ಸಣ್ಣ ಸಿಟಿ’ ಆಗಬಹುದು, ಕೈಪಿಡಿಗಳಲ್ಲಿ ‘ಗ್ರಾಮೀಣ’ ಆಗಬಹುದು, ಅಲ್ಲಿ ಓದುವವರ ಬಾಯಲ್ಲಿ ‘ಕಾಲೇಜ್ ಟೌನ್’. ಮೂವರೂ ಸುಳ್ಳು ಹೇಳುತ್ತಿಲ್ಲ. ನ್ಯೂಯಾರ್ಕ್ ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರ ಎಂಬುದು ಮಾತ್ರ ಯಾರ ಲೆಕ್ಕದಲ್ಲೂ ಬದಲಾಗುವುದಿಲ್ಲ.

ಇಷ್ಟು ದೊಡ್ಡ ವಿಶ್ವವಿದ್ಯಾಲಯಗಳು ಹೊಲಗದ್ದೆಗಳ ನಡುವೆ ಯಾಕೆ ಕೂತಿವೆ ಎಂದು ಆಶ್ಚರ್ಯಪಡುವವರಿದ್ದಾರೆ. ಕಾರಣ ಬಹುಮಟ್ಟಿಗೆ 1862ರ ಮೊರಿಲ್ ಕಾಯ್ದೆ. ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ಕಟ್ಟಲು ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ಕೊಟ್ಟಿತು. ಲಿಂಕನ್ ಸಹಿ ಹಾಕಿದ ಕಾಯ್ದೆ ಅದು. ಪರ್ಡ್ಯೂ, ಇಲಿನಾಯ್ (ಅರ್ಬಾನಾ-ಶಾಂಪೇನ್), ಪೆನ್ ಸ್ಟೇಟ್, ಕಾರ್ನೆಲ್ ಎಲ್ಲವೂ ಆ ಯೋಜನೆಯ ಫಲಾನುಭವಿಗಳು. (ಬಾಸ್ಟನ್ ಪಕ್ಕದ ಎಂಐಟಿಯೂ ಅದೇ ಸಾಲಿನದು ಎಂದರೆ ಹಲವರು ನಂಬುವುದಿಲ್ಲ.) ಹಾಗಾಗಿ ಎಂಜಿನಿಯರಿಂಗ್‌ಗೆ ಹೋಗುವವರ ಪಟ್ಟಿಯಲ್ಲಿ ಜೋಳದ ಹೊಲಗಳ ನಡುವಿನ ಹೆಸರುಗಳು ತಾನಾಗಿಯೇ ಬಂದು ಕೂರುತ್ತವೆ. ಅವು ಸಣ್ಣ ಊರಿನ ಸಣ್ಣ ಕಾಲೇಜುಗಳಲ್ಲ, ಊರಿಗಿಂತ ದೊಡ್ಡ ವಿಶ್ವವಿದ್ಯಾಲಯಗಳು.

ಹೆಜ್ಜೆ 2: ನಿಮ್ಮ ಒಂದು ವಾರವನ್ನು ಬರೆದುಕೊಳ್ಳಿ

ಕಾಲೇಜನ್ನು ನೋಡುವ ಮೊದಲು ನಿಮ್ಮನ್ನು ನೋಡಿಕೊಳ್ಳಿ. ಈಗ, ಈ ಊರಿನಲ್ಲಿ, ಕಳೆದ ತಿಂಗಳು ನೀವು ನಿಜವಾಗಿ ಏನು ಮಾಡಿದಿರಿ? ನಾಟಕ, ಸಂಗೀತ ಕಛೇರಿ, ಮ್ಯಾಚು ಎಂದು ಎಷ್ಟು ಸಲ ಹೋದಿರಿ? “ನ್ಯೂಯಾರ್ಕಿನಲ್ಲಿ ಬ್ರಾಡ್‌ವೇ ಇದೆ” ಎನ್ನುವ ಹುಡುಗ ಇಲ್ಲಿ ವರ್ಷಕ್ಕೊಂದು ನಾಟಕವನ್ನೂ ನೋಡದಿದ್ದರೆ ಅಲ್ಲಿ ಹೋಗಿ ವಾರಕ್ಕೊಂದು ನೋಡುತ್ತಾನೆ ಎಂದು ನಾನಂತೂ ಬಾಜಿ ಕಟ್ಟಲಾರೆ. ಹಾಗೆಯೇ, ಪ್ರಕೃತಿ ಇಷ್ಟ ಎನ್ನುವವರು ಬೆಟ್ಟ ಹತ್ತಿದ್ದು ಎಷ್ಟು ಸಲ?

ಪಟ್ಟಿಯಲ್ಲಿ ಬೇಕೇ ಬೇಕಾದ್ದನ್ನು ಮಾತ್ರ ಇಡಿ. ದಿನಸಿ ಅಂಗಡಿ, ಔಷಧಿ ಅಂಗಡಿ, ವೈದ್ಯರು, ಪ್ರಾರ್ಥನಾ ಸ್ಥಳ ಬೇಕೆನ್ನುವವರಿಗೆ ಅದು, ಆಟದ ಮೈದಾನ, ರಾತ್ರಿ ಹತ್ತರ ಮೇಲೂ ತೆರೆದಿರುವ ಏನಾದರೊಂದು ತಿನ್ನುವ ಜಾಗ. ಶುದ್ಧ ಸಸ್ಯಾಹಾರಿಗಳಾದರೆ ಕ್ಯಾಂಪಸ್ಸಿನ ಊಟದ ಹಾಲ್‌ನ ಮೆನುವನ್ನು ಒಂದು ವಾರವಿಡೀ ಆನ್‌ಲೈನಿನಲ್ಲಿ ನೋಡಿ. ಹಲವು ಕಾಲೇಜುಗಳು ಮೆನುವನ್ನು ದಿನದಿನವೂ ಹಾಕುತ್ತವೆ. ಹಳ್ಳಿಗಾಡಿನ ಕಾಲೇಜಿನಲ್ಲಿ ಊಟದ ಹಾಲ್ ಬಿಟ್ಟರೆ ಬೇರೆ ದಾರಿ ಕಡಿಮೆ, ಮೀಲ್ ಪ್ಲಾನ್ ಕಡ್ಡಾಯವಾಗಿರುವುದೂ ಉಂಟು. ಇದು ಚಿಕ್ಕ ವಿಷಯವಲ್ಲ.

ಹೆಜ್ಜೆ 3: ನಕ್ಷೆಯಲ್ಲಿ ನಡೆದು ನೋಡಿ

ಗೂಗಲ್ ಮ್ಯಾಪ್ಸ್ ತೆರೆಯಿರಿ. ಆರಂಭದ ಜಾಗವಾಗಿ ಕಾಲೇಜಿನ ಹೆಸರನ್ನಲ್ಲ, ಮೊದಲ ವರ್ಷದವರ ಡಾರ್ಮಿಟರಿಯ ಹೆಸರನ್ನು ಹಾಕಿ. ದೊಡ್ಡ ಕ್ಯಾಂಪಸ್‌ಗಳಲ್ಲಿ ಈ ಎರಡರ ನಡುವೆಯೇ ಇಪ್ಪತ್ತು ನಿಮಿಷದ ನಡಿಗೆ ಇರಬಹುದು. ಸ್ಟ್ಯಾನ್‌ಫರ್ಡಿನ ಜಮೀನು 8,180 ಎಕರೆ ಎಂದರೆ ಅಂದಾಜಾದೀತು. ಎರಡನೇ ಹೆಜ್ಜೆಯ ಪಟ್ಟಿಯಲ್ಲಿರುವ ಒಂದೊಂದು ಜಾಗಕ್ಕೂ ದಾರಿ ಕೇಳಿ. ಮೊದಲು ನಡಿಗೆ, ಆಮೇಲೆ ಬಸ್ಸು-ರೈಲು. ಕಾರಿನ ಚಿತ್ರವನ್ನು ಮುಟ್ಟಲೇಬೇಡಿ.

ಇಲ್ಲೊಂದು ಕಿವಿಮಾತು. ಬಸ್ಸಿನ ದಾರಿ ಕೇಳುವಾಗ ‘ಈಗ ಹೊರಡು’ ಎಂದು ಬಿಡಬೇಡಿ. ಹೊರಡುವ ಸಮಯವನ್ನು ಭಾನುವಾರ ಸಂಜೆ ಏಳು ಗಂಟೆಗೆ ಇಡಿ. ಸೋಮವಾರ ಬೆಳಿಗ್ಗೆ ಹತ್ತು ನಿಮಿಷಕ್ಕೊಂದು ಓಡುವ ಬಸ್ಸು ಭಾನುವಾರ ಸಂಜೆ ಗಂಟೆಗೊಂದು ಆಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಹೋಗುವ ದಾರಿಯಷ್ಟೇ ಅಲ್ಲ, ವಾಪಸ್ ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನೂ ಬರೆದುಕೊಳ್ಳಿ. ರಸ್ತೆಗೆ ಕಾಲುದಾರಿ ಇದೆಯೇ ಎಂದು ಸ್ಟ್ರೀಟ್ ವ್ಯೂನಲ್ಲಿ ನೋಡಿ. ಒಂದೂವರೆ ಕಿಲೋಮೀಟರ್ ದೂರದ ಅಂಗಡಿಗೆ ಕಾಲುದಾರಿಯೇ ಇಲ್ಲದ ಆರು ಪಥದ ಹೆದ್ದಾರಿ ಅಡ್ಡಬಂದರೆ ಆ ಅಂಗಡಿ ನಿಮ್ಮ ಪಾಲಿಗೆ ಇಲ್ಲವೆಂದೇ ಲೆಕ್ಕ.

ಚಳಿಯನ್ನು ಮರೆಯಬೇಡಿ. ನ್ಯೂ ಹ್ಯಾಂಪ್‌ಶೈರಿನ ಹ್ಯಾನೋವರಿನಲ್ಲೋ ಬಾಸ್ಟನ್ನಿನಲ್ಲೋ ಡಿಸೆಂಬರ್ ತಿಂಗಳಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಬಾಸ್ಟನ್ನಿನಲ್ಲಿ ಕತ್ತಲಾದ ಮೇಲೆ ಬೀದಿ ಎಚ್ಚರವಾಗಿರುತ್ತದೆ. ಸಣ್ಣ ಊರಿನಲ್ಲಿ ಗ್ರಂಥಾಲಯ ಎಚ್ಚರವಾಗಿರುತ್ತದೆ. ಯಾವುದು ಬೇಕು ಎಂಬುದು ನಿಮ್ಮ ಸ್ವಭಾವಕ್ಕೆ ಬಿಟ್ಟದ್ದು.

ಹೆಜ್ಜೆ 4: ಉಪನಗರವನ್ನು ಎರಡು ಸಲ ಪರೀಕ್ಷಿಸಿ

ಮೂರರಲ್ಲಿ ಹೆಚ್ಚು ಮೋಸಹೋಗುವುದು ಇಲ್ಲೇ. ಹಸಿರೂ ಉಂಟು, ನಗರವೂ ಉಂಟು ಎಂದು ಉಪನಗರದ ಕಾಲೇಜನ್ನು ಎಲ್ಲರೂ ಸುರಕ್ಷಿತ ಆಯ್ಕೆ ಎಂದುಕೊಳ್ಳುತ್ತಾರೆ. ಆದರೆ ಅಮೆರಿಕದ ಉಪನಗರ ಬೆಳೆದದ್ದೇ ಕಾರಿನ ಸುತ್ತ. ಕಾರಿದ್ದವರಿಗೆ ಇಪ್ಪತ್ತು ನಿಮಿಷದ ನಗರ, ಕಾರಿಲ್ಲದವರಿಗೆ ಎರಡು ಬಸ್ಸು ಬದಲಿಸಿ ಒಂದೂವರೆ ಗಂಟೆಯ ನಗರ. ಎಷ್ಟೋ ಸಲ ಹಳ್ಳಿಗಾಡಿನ ಕಾಲೇಜಿಗಿಂತ ಇಲ್ಲಿನ ಒಂಟಿತನ ಹೆಚ್ಚು, ಯಾಕೆಂದರೆ ಹಳ್ಳಿಗಾಡಿನಲ್ಲಿ ಶನಿವಾರ ರಾತ್ರಿ ಎಲ್ಲರೂ ಕ್ಯಾಂಪಸ್ಸಿನಲ್ಲೇ ಇರುತ್ತಾರೆ. ಉಪನಗರದಲ್ಲಿ ಕಾರಿದ್ದವರು ಹೊರಟುಹೋಗಿರುತ್ತಾರೆ.

ಆದ್ದರಿಂದ ಉಪನಗರದ ಕಾಲೇಜಿಗೆ ನನ್ನ ಒಂದೇ ಒಂದು ಕಡ್ಡಾಯ ಪ್ರಶ್ನೆ: ನಡೆದು ಹೋಗುವಷ್ಟು ಹತ್ತಿರ ರೈಲು ನಿಲ್ದಾಣ ಇದೆಯೇ?

ಇದ್ದರೆ ಚಿತ್ರವೇ ಬೇರೆ. ಫಿಲಡೆಲ್ಫಿಯಾದಿಂದ ಹದಿನೆಂಟು ಕಿಲೋಮೀಟರ್ ದೂರದ ಸ್ವಾರ್ತ್‌ಮೋರ್ ಕಾಲೇಜಿನ ಬುಡದಲ್ಲೇ ನಗರಕ್ಕೆ ಹೋಗುವ ರೈಲಿನ ನಿಲ್ದಾಣವಿದೆ. ಪ್ರಿನ್ಸ್‌ಟನ್ನಿನಲ್ಲಿ ‘ಡಿಂಕಿ’ ಎಂದು ಎಲ್ಲರೂ ಕರೆಯುವ ಪುಟ್ಟ ರೈಲು ಕ್ಯಾಂಪಸ್ಸಿನ ಅಂಚಿನಿಂದ ಸುಮಾರು ನಾಲ್ಕೂಕಾಲು ಕಿಲೋಮೀಟರ್ ಓಡಿ ಪ್ರಿನ್ಸ್‌ಟನ್ ಜಂಕ್ಷನ್ ಮುಟ್ಟಿಸುತ್ತದೆ, ಅಲ್ಲಿಂದ ಒಂದು ಕಡೆ ನ್ಯೂಯಾರ್ಕ್, ಇನ್ನೊಂದು ಕಡೆ ಫಿಲಡೆಲ್ಫಿಯಾದತ್ತ ದಾರಿ. ಸ್ಟ್ಯಾನ್‌ಫರ್ಡಿನವರಿಗೆ ಪಾಲೋ ಆಲ್ಟೋದಲ್ಲಿ ಕ್ಯಾಲ್‌ಟ್ರೇನ್ ಇದೆ, ಅಲ್ಲಿಗೆ ಮುಟ್ಟಿಸಲು ವಿಶ್ವವಿದ್ಯಾಲಯದ್ದೇ ಉಚಿತ ಶಟಲ್. ಲಾಸ್ ಏಂಜಲೀಸಿನಿಂದ 55 ಕಿಲೋಮೀಟರಿನಷ್ಟು ಪೂರ್ವಕ್ಕಿರುವ ಕ್ಲೇರ್‌ಮಾಂಟ್ ಕಾಲೇಜುಗಳಿಗೂ ಮೆಟ್ರೋಲಿಂಕ್ ನಿಲ್ದಾಣವಿದೆ. ಜೊತೆಗೆ ಆ ಕಾಲೇಜುಗಳು ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ಒಂದು ಕಾಲೇಜಿನವರು ಇನ್ನೊಂದರ ತರಗತಿಗೆ ನಡೆದೇ ಹೋಗಬಹುದು.

ರೈಲು ಬಂದರೆ ಕಾಲೇಜಿನ ಜಾಗವೇ ಬದಲಾದಂತೆ. ಬಾಸ್ಟನ್ ಪಕ್ಕದ ಟಫ್ಟ್ಸ್ ವಿಶ್ವವಿದ್ಯಾಲಯಕ್ಕೆ 2022ರ ಡಿಸೆಂಬರಿನಲ್ಲಿ ಗ್ರೀನ್ ಲೈನ್ ರೈಲು ಮುಟ್ಟಿತು. ಅದಕ್ಕಿಂತ ಮೊದಲು ಓದಿದವರ ಅನುಭವ ಕೇಳಿ ತೀರ್ಮಾನ ಮಾಡುವವರು ಇದನ್ನು ನೆನಪಿಡಬೇಕು. ಇದರ ತಿರುಗುಮುರುಗೂ ಆಗುತ್ತದೆ, ದುಡ್ಡಿಲ್ಲದಾಗ ಸಾರಿಗೆ ಸಂಸ್ಥೆಗಳು ರಾತ್ರಿಯ ಓಡಾಟ ಕತ್ತರಿಸುತ್ತವೆ. ಹಾಗಾಗಿ ಹಳೆಯ ವಿದ್ಯಾರ್ಥಿಯ ನೆನಪಿಗಿಂತ ಇವತ್ತಿನ ವೇಳಾಪಟ್ಟಿ ಮೇಲು.

ಹೆಜ್ಜೆ 5: ನಗರದ ಕಾಲೇಜಾದರೆ ಕೇಳಬೇಕಾದ್ದು

ನಗರದ ಕಾಲೇಜುಗಳಲ್ಲೂ ಎರಡು ಜಾತಿ. ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಗೋಡೆಯಿಲ್ಲ, ಹುಲ್ಲುಹಾಸಿಲ್ಲ. ನೇರಳೆ ಬಾವುಟ ಹಾರುವ ಕಟ್ಟಡಗಳು ಬೀದಿಬೀದಿಗಳಲ್ಲಿ ಹರಡಿವೆ, ನಡುವಿನ ವಾಷಿಂಗ್ಟನ್ ಸ್ಕ್ವೇರ್ ಊರಿನ ಪಾರ್ಕು. ಬಾಸ್ಟನ್ ವಿಶ್ವವಿದ್ಯಾಲಯ ಕಾಮನ್‌ವೆಲ್ತ್ ಅವೆನ್ಯೂ ಉದ್ದಕ್ಕೂ ಚಾಚಿಕೊಂಡಿದೆ, ನಡುವೆ ರೈಲು ಓಡುತ್ತದೆ. ಶಿಕಾಗೋ ವಿಶ್ವವಿದ್ಯಾಲಯವೋ ಅದೇ ದೊಡ್ಡ ನಗರದೊಳಗೆ, ಪೇಟೆಯ ನಡುಭಾಗದಿಂದ ಹನ್ನೊಂದು ಕಿಲೋಮೀಟರ್ ದಕ್ಷಿಣಕ್ಕೆ, ಹೈಡ್ ಪಾರ್ಕಿನಲ್ಲಿ ಕಲ್ಲಿನ ಅಂಗಳಗಳ ತನ್ನದೇ ಲೋಕ ಕಟ್ಟಿಕೊಂಡಿದೆ. ಮೂರೂ ‘ದೊಡ್ಡ ಸಿಟಿ’ಯ ಕಾಲೇಜುಗಳೇ, ಮೂರರ ಬದುಕು ಬೇರೆ ಬೇರೆ. ಸಹಜವಾಗಿ ಜನರೊಡನೆ ಬೆರೆಯದ ಮಗುವಿಗೆ ಗೋಡೆಯಿಲ್ಲದ ಕ್ಯಾಂಪಸ್ ಕಷ್ಟ. ತರಗತಿ ಮುಗಿದ ಕೂಡಲೇ ಎಲ್ಲರೂ ಊರಿನೊಳಗೆ ಕರಗಿಹೋಗುತ್ತಾರೆ, ಸ್ನೇಹ ತಾನಾಗಿ ಆಗುವುದಿಲ್ಲ, ಮಾಡಿಕೊಳ್ಳಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ ವಸತಿ. ಕಾಲೇಜು ಎಷ್ಟು ವರ್ಷ ಕೋಣೆ ಕೊಡುವ ಖಾತರಿ ನೀಡುತ್ತದೆ ಎಂದು ಲಿಖಿತವಾಗಿ ಹುಡುಕಿ. ಹಳ್ಳಿಗಾಡಿನ ವಸತಿ ಕಾಲೇಜುಗಳಲ್ಲಿ ನಾಲ್ಕೂ ವರ್ಷ ಒಳಗೇ ಇರಬೇಕೆಂಬ ನಿಯಮ ಸಾಮಾನ್ಯ. ನಗರದಲ್ಲಿ ಮೊದಲ ವರ್ಷವೋ ಎರಡು ವರ್ಷವೋ ಆದ ಮೇಲೆ ಹೊರಗೆ ಬಾಡಿಗೆ ಮನೆ ಹುಡುಕುವ ಪಾಡು ಬರಬಹುದು. ಮಾಸ್ಟರ್ಸ್ ವಿದ್ಯಾರ್ಥಿಗಳಿಗಂತೂ ಹೆಚ್ಚಿನ ಕಡೆ ಮೊದಲ ದಿನದಿಂದಲೇ ಇದು ತಪ್ಪಿದ್ದಲ್ಲ.

ನ್ಯೂಯಾರ್ಕಿನಲ್ಲಿ ಬಾಡಿಗೆಗೆ ಹೋದರೆ ಮನೆಯೊಡೆಯರು ಸಾಮಾನ್ಯವಾಗಿ ಕೇಳುವುದು ತಿಂಗಳ ಬಾಡಿಗೆಯ 40 ಪಟ್ಟು ವಾರ್ಷಿಕ ಆದಾಯ. ಅಂದರೆ 2,000 ಡಾಲರ್ ಬಾಡಿಗೆಯ ಮನೆಗೆ 80,000 ಡಾಲರ್ ಆದಾಯ ತೋರಿಸಬೇಕು. ವಿದ್ಯಾರ್ಥಿಗೆ ಎಲ್ಲಿಂದ ಬಂತು? ಆಗ ಜಾಮೀನುದಾರ ಬೇಕು, ಅವರ ಆದಾಯ ಬಾಡಿಗೆಯ 80 ಪಟ್ಟು ಇರಬೇಕೆನ್ನುವುದು ರೂಢಿ, ಅದೂ ಅಮೆರಿಕದಲ್ಲಿ ಇರುವವರು. ಇಲ್ಲವಾದರೆ ಜಾಮೀನು ನೀಡುವ ಖಾಸಗಿ ಕಂಪನಿಗಳಿಗೆ ಶುಲ್ಕ ಕಟ್ಟಬೇಕು. ಈ ಸಂಗತಿಯನ್ನು ಜುಲೈ ತಿಂಗಳಲ್ಲಿ ಅಲ್ಲ, ಅರ್ಜಿ ಹಾಕುವ ಹೊತ್ತಿಗೇ ತಿಳಿದಿರಬೇಕು.

ಹೆಜ್ಜೆ 6: ಹಳ್ಳಿಗಾಡಿನ ಕಾಲೇಜಾದರೆ ಕೇಳಬೇಕಾದ್ದು

ಇಲ್ಲಿ ಕಾಲೇಜೇ ಊರು. ಅಯೋವಾದ ಗ್ರಿನೆಲ್ ಹತ್ತು ಸಾವಿರದೊಳಗಿನ ಜನರಿರುವ ಪಟ್ಟಣ, ರಾಜಧಾನಿ ಡಿ ಮೋಯ್ನ್ ಅಲ್ಲಿಂದ ಸುಮಾರು 90 ಕಿಲೋಮೀಟರ್. ಇಂಥ ಕಡೆ ಸಂಗೀತ, ಸಿನಿಮಾ, ಭಾಷಣ ಎಲ್ಲವನ್ನೂ ಕಾಲೇಜೇ ಕರೆಸಬೇಕು. ಆದ್ದರಿಂದ ಕಾಲೇಜಿನ ಕಾರ್ಯಕ್ರಮಗಳ ಕ್ಯಾಲೆಂಡರನ್ನು ತೆರೆದು ಕಳೆದ ಫೆಬ್ರವರಿಯ ನಾಲ್ಕು ವಾರಾಂತ್ಯ ಏನೇನಿತ್ತು ನೋಡಿ. ಅಕ್ಟೋಬರ್ ನೋಡಬೇಡಿ, ಅಕ್ಟೋಬರಿನಲ್ಲಿ ಎಲ್ಲ ಕಾಲೇಜೂ ಚೆಂದ.

ತುತ್ತತುದಿಯ ಉದಾಹರಣೆ ಬೇಕೆಂದರೆ ಕ್ಯಾಲಿಫೋರ್ನಿಯಾದ ಮರುಭೂಮಿಯ ಕಣಿವೆಯಲ್ಲಿ 1917ರಲ್ಲಿ ಶುರುವಾದ ಡೀಪ್ ಸ್ಪ್ರಿಂಗ್ಸ್ ಕಾಲೇಜಿದೆ. ಒಟ್ಟು ವಿದ್ಯಾರ್ಥಿಗಳು ಮೂವತ್ತರ ಒಳಗೆ, ಓದಿನ ಜೊತೆಗೆ ದನ ಮೇಯಿಸುವುದು, ಹುಲ್ಲು ಬೆಳೆಯುವುದು ಅವರದೇ ಕೆಲಸ. ಅಲ್ಲಿಗೆ ಹೋಗುವವರು ಏಕಾಂತವನ್ನೇ ಆರಿಸಿಕೊಂಡು ಹೋಗುತ್ತಾರೆ. ಉಳಿದವರು ಅದನ್ನು ಆಕಸ್ಮಿಕವಾಗಿ ಆರಿಸಿಕೊಳ್ಳಬಾರದಷ್ಟೆ.

ಹಳ್ಳಿಗಾಡು ಎಂದರೆ ಎಲ್ಲವೂ ದೂರ ಎಂದೇನಿಲ್ಲ. ಪಶ್ಚಿಮ ಮ್ಯಾಸಚೂಸೆಟ್ಸಿನಲ್ಲಿ ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲ್ಯೋಕ್ ಮತ್ತು ರಾಜ್ಯ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸು ಸೇರಿರುವ ಫೈವ್ ಕಾಲೇಜ್ ಒಕ್ಕೂಟವಿದೆ. ಒಂದರಲ್ಲಿ ಸೇರಿದವರು ಇನ್ನೊಂದರಲ್ಲಿ ತರಗತಿ ತೆಗೆದುಕೊಳ್ಳಬಹುದು, ನಡುವೆ ಬಸ್ಸು ಓಡಾಡುತ್ತದೆ. ಅರ್ಬಾನಾ-ಶಾಂಪೇನಿನಲ್ಲಿ ವಿದ್ಯಾರ್ಥಿಗಳು ಕಟ್ಟುವ ಶುಲ್ಕದಲ್ಲೇ ಊರಿನ ಬಸ್ಸಿನ ಪ್ರಯಾಣ ಸೇರಿದೆ, ಗುರುತುಪತ್ರ ತೋರಿಸಿದರೆ ಆಯಿತು. ಸುಮಾರು 220 ಕಿಲೋಮೀಟರ್ ದೂರದ ಶಿಕಾಗೋಗೆ ಆಮ್‌ಟ್ರ್ಯಾಕ್ ರೈಲಿದೆ. ಡಾರ್ಟ್‌ಮತ್ ಕಾಲೇಜಿರುವ ಹ್ಯಾನೋವರಿನಿಂದ ಬಾಸ್ಟನ್ನಿಗೂ ನ್ಯೂಯಾರ್ಕಿಗೂ ಡಾರ್ಟ್‌ಮತ್ ಕೋಚ್ ಬಸ್ಸು ಹೋಗುತ್ತದೆ, ಪಕ್ಕದ ಲೆಬನಾನ್ ಊರಿನಲ್ಲಿ ದೊಡ್ಡ ಬೋಧನಾ ಆಸ್ಪತ್ರೆಯೂ ಇದೆ. ಅದೇ ಗಾತ್ರದ ಇನ್ನೊಂದು ಊರಿನಲ್ಲಿ ತಜ್ಞ ವೈದ್ಯರಿಗಾಗಿ ನೂರು ಕಿಲೋಮೀಟರ್ ಹೋಗಬೇಕಾದೀತು. ಆಸ್ತಮಾ, ಮಧುಮೇಹ, ಅಥವಾ ನಿಯಮಿತವಾಗಿ ಆಪ್ತಸಮಾಲೋಚಕರನ್ನು ಕಾಣುವ ಅಗತ್ಯ ಇರುವವರು ಇದನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಲಿ.

ಇನ್ನೊಂದು ವಿಷಯ ರಜೆ. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಅಮೆರಿಕದ ಮಕ್ಕಳೆಲ್ಲ ಮನೆಗೆ ಹೋಗುತ್ತಾರೆ, ಊಟದ ಹಾಲ್ ಮುಚ್ಚಬಹುದು, ಅಥವಾ ಅರ್ಧ ತೆರೆದಿರಬಹುದು. ಚಳಿಗಾಲದ ರಜೆಯಲ್ಲಿ ಡಾರ್ಮಿಟರಿಗಳನ್ನೇ ಮುಚ್ಚುವ ಕಾಲೇಜುಗಳಿವೆ. ನಗರದಲ್ಲಾದರೆ ಹೇಗೋ ಆಗುತ್ತದೆ. ಸಣ್ಣ ಊರಿನಲ್ಲಿ, ಕಾರಿಲ್ಲದೆ, ಹಿಮ ಬೀಳುತ್ತಿರುವಾಗ, ಬೀಗ ಹಾಕಿದ ಊಟದ ಹಾಲ್‌ನ ಮುಂದೆ ನಿಲ್ಲುವ ಪ್ರಸಂಗ ಬರಬಾರದು. “ರಜೆಯಲ್ಲಿ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳು ಎಲ್ಲಿರುತ್ತಾರೆ, ಏನು ಉಣ್ಣುತ್ತಾರೆ, ಅದಕ್ಕೆ ಬೇರೆ ಶುಲ್ಕವೆಷ್ಟು?” ಎಂದು ಇಮೇಲ್ ಬರೆದು ಕೇಳಿ. ಉತ್ತರ ಬರುವ ರೀತಿಯಿಂದಲೂ ಕಾಲೇಜಿನ ಬಗ್ಗೆ ತಿಳಿಯುತ್ತದೆ.

ಕಾರು ಕೊಂಡರಾಯಿತು ಎನ್ನುವವರಿಗೆ: ಇಪ್ಪತ್ತೈದರೊಳಗಿನವರಿಗೆ ವಿಮೆ ದುಬಾರಿ, ಬಾಡಿಗೆ ಕಾರಿನ ಕಂಪನಿಗಳೂ ಆ ವಯಸ್ಸಿನವರಿಗೆ ಹೆಚ್ಚುವರಿ ದುಡ್ಡು ಹಾಕುತ್ತವೆ, ಮೊದಲ ವರ್ಷದವರಿಗೆ ಪಾರ್ಕಿಂಗ್ ಪರವಾನಗಿ ಕೊಡದ ಕಾಲೇಜುಗಳಿವೆ. ಹಲವು ಕ್ಯಾಂಪಸ್‌ಗಳಲ್ಲಿ ಗಂಟೆ ಲೆಕ್ಕದ ಬಾಡಿಗೆ ಕಾರು ಜಿಪ್‌ಕಾರ್ 18 ತುಂಬಿದ ವಿದ್ಯಾರ್ಥಿಗಳಿಗೆ ಸಿಗುತ್ತದೆ. ತಿಂಗಳಿಗೆರಡು ಸಲ ದಿನಸಿ ತರಲು ನಾಲ್ಕು ಜನ ಸೇರಿ ಹಂಚಿಕೊಂಡರೆ ಅದು ಸಾಕು.

ಹೆಜ್ಜೆ 7: ‘ಸಿಟಿಯಲ್ಲಿ ಇಂಟರ್ನ್‌ಶಿಪ್’ ಎಂಬ ಮಾತನ್ನು ವೀಸಾ ನಿಯಮದ ಮುಂದೆ ಇಡಿ

ನಗರದ ಪರವಾಗಿ ಎಲ್ಲರೂ ಹೇಳುವ ವಾದ ಇದು. ಅಮೆರಿಕದ ಮಕ್ಕಳಿಗೆ ಅದು ಪೂರ್ತಿ ಹೊಂದುತ್ತದೆ, ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಅಷ್ಟಾಗಿ ಇಲ್ಲ. ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಹೊರಗಿನ ಕಂಪನಿಯಲ್ಲಿ ಓದಿಗೆ ಸಂಬಂಧಿಸಿದ ಕೆಲಸ ಮಾಡಲು ಸಿಪಿಟಿ (ಓದಿನ ಭಾಗವಾದ ಪ್ರಾಯೋಗಿಕ ತರಬೇತಿ) ಅನುಮತಿ ಬೇಕು. ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದ ಮೇಲೆ ಅದು ಸಿಗುವುದು. ಮೊದಲಿಂದಲೇ ಪ್ರಾಯೋಗಿಕ ತರಬೇತಿ ಕಡ್ಡಾಯವಾಗಿರುವ ಕೆಲವು ಸ್ನಾತಕೋತ್ತರ ಕೋರ್ಸುಗಳಿಗೆ ವಿನಾಯಿತಿ ಉಂಟು. ಅನುಮತಿಯು ಐ-20ಯಲ್ಲಿ, ಅಂದರೆ ವೀಸಾಕ್ಕಾಗಿ ಕಾಲೇಜು ಕೊಡುವ ಪ್ರವೇಶಪತ್ರದಲ್ಲಿ, ನಮೂದಾಗುವ ಮೊದಲು ಒಂದು ದಿನವೂ ಕೆಲಸಕ್ಕೆ ಹೋಗುವಂತಿಲ್ಲ.

ಅಂದರೆ ಮೊದಲ ವರ್ಷ ಮ್ಯಾನ್‌ಹಟನ್ನಿನ ನಡುವೆ ಇದ್ದರೂ ಎದುರಿನ ಕಟ್ಟಡದ ಕಂಪನಿಯಲ್ಲಿ ಸಂಬಳಕ್ಕೆ ಕೂರಲಾಗದು. ಆಮೇಲೂ ಹೆಚ್ಚಿನವರು ಇಂಟರ್ನ್‌ಶಿಪ್ ಮಾಡುವುದು ಬೇಸಿಗೆಯಲ್ಲಿ, ಬೇಸಿಗೆಗೆ ಹಳ್ಳಿಗಾಡಿನ ವಿದ್ಯಾರ್ಥಿಯೂ ನಗರಕ್ಕೇ ಹೋಗುತ್ತಾನೆ. ಹಾಗಾದರೆ ನಗರದ ನಿಜವಾದ ಲಾಭವೇನು? ಎರಡನೇ ವರ್ಷದಿಂದ ಸೆಮಿಸ್ಟರ್ ನಡುವೆಯೇ ಅರೆಕಾಲಿಕ ಸಿಪಿಟಿ, ಸಂಜೆಯ ಉದ್ಯೋಗ ಮೇಳಗಳು, ಕಂಪನಿಯವರನ್ನು ಮುಖಾಮುಖಿ ಕಾಣುವ ಅವಕಾಶ. ಹಣಕಾಸು, ಪತ್ರಿಕೋದ್ಯಮ, ಫ್ಯಾಷನ್, ಸಾರ್ವಜನಿಕ ನೀತಿ ಓದುವವರಿಗೆ ಇದು ದೊಡ್ಡದು. ಕಂಪ್ಯೂಟರ್, ಮೆಕ್ಯಾನಿಕಲ್, ಕೃಷಿ ಓದುವವರಿಗೆ ಅಷ್ಟಿಲ್ಲ, ಕಂಪನಿಗಳೇ ಅಲ್ಲಿಗೆ ಬರುತ್ತವೆ. ಇಲಿನಾಯ್ ವಿಶ್ವವಿದ್ಯಾಲಯದ ರಿಸರ್ಚ್ ಪಾರ್ಕಿನಲ್ಲಿ ಕಂಪನಿಗಳು ಕಚೇರಿ ತೆರೆದಿರುವುದೇ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಇಟ್ಟುಕೊಳ್ಳಲಿಕ್ಕೆ.

ಬಾಸ್ಟನ್ನಿನ ನಾರ್ತ್‌ಈಸ್ಟರ್ನ್, ಫಿಲಡೆಲ್ಫಿಯಾದ ಡ್ರೆಕ್ಸೆಲ್ ಥರದ ಕಡೆ ಓದಿನ ನಡುವೆ ತಿಂಗಳುಗಟ್ಟಲೆ ಪೂರ್ಣಾವಧಿ ಕೆಲಸದ ‘ಕೋ-ಆಪ್’ ಪದ್ಧತಿ ಇದೆ. ಒಳ್ಳೆಯದೇ. ಆದರೆ ಒಂದು ಲೆಕ್ಕ ಇಟ್ಟುಕೊಳ್ಳಿ: ಪೂರ್ಣಾವಧಿ ಸಿಪಿಟಿ ಒಟ್ಟು 12 ತಿಂಗಳು ಮುಟ್ಟಿದರೆ ಅದೇ ಹಂತದ ಪದವಿಯ ಮೇಲೆ ಸಿಗಬೇಕಾದ ಒಪಿಟಿ ಹೋಗುತ್ತದೆ. ಒಪಿಟಿ ಎಂದರೆ ಪದವಿಯ ನಂತರದ 12 ತಿಂಗಳ ಕೆಲಸದ ಅವಕಾಶ, ವಿಜ್ಞಾನ-ತಂತ್ರಜ್ಞಾನದವರಿಗೆ ಮತ್ತೆ 24 ತಿಂಗಳ ವಿಸ್ತರಣೆ. ಅದನ್ನು ಕಳೆದುಕೊಳ್ಳುವುದು ಯಾವ ಕೋ-ಆಪ್‌ಗೂ ತಕ್ಕ ಬೆಲೆಯಲ್ಲ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿಯ ವರ್ಷದ ನಿಯಮವನ್ನು ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಹೆಜ್ಜೆ 8: ಖರ್ಚನ್ನು ಹನ್ನೆರಡು ತಿಂಗಳಿಗೆ ಹಾಕಿ

ಪ್ರತಿ ಕಾಲೇಜೂ ಒಟ್ಟು ಖರ್ಚಿನ ಅಂದಾಜು ಪ್ರಕಟಿಸುತ್ತದೆ. ಕ್ಯಾಂಪಸ್ಸಿನೊಳಗೆ ಇದ್ದರೆ ಎಷ್ಟು, ಹೊರಗಿದ್ದರೆ ಎಷ್ಟು ಎಂದು ಬೇರೆ ಬೇರೆ ಇರುತ್ತದೆ. ಅದು ಹೆಚ್ಚಾಗಿ ಒಂಬತ್ತು ತಿಂಗಳ ಶೈಕ್ಷಣಿಕ ವರ್ಷದ ಲೆಕ್ಕ; ಬಾಡಿಗೆ ಮನೆಯ ಕರಾರು ಹನ್ನೆರಡು ತಿಂಗಳದ್ದು. ನಗರದಲ್ಲಿ ಆ ಮೂರು ತಿಂಗಳ ವ್ಯತ್ಯಾಸವೇ ದೊಡ್ಡ ಮೊತ್ತ, ಬೇಸಿಗೆಯಲ್ಲಿ ಬೇರೆ ಊರಿಗೆ ಹೋದರೆ ಮನೆಯನ್ನು ಮರುಬಾಡಿಗೆಗೆ ಕೊಡಲು ಓಡಾಡಬೇಕು.

ಹಳ್ಳಿಗಾಡಿನಲ್ಲಿ ಬಾಡಿಗೆ ಕಡಿಮೆ ಎಂಬುದು ಸಾಮಾನ್ಯವಾಗಿ ನಿಜ, ಆದರೆ ಖಾಸಗಿ ವಸತಿ ಕಾಲೇಜಿನಲ್ಲಿ ಆ ಲಾಭ ನಿಮಗೆ ಸಿಗುವುದಿಲ್ಲ, ಯಾಕೆಂದರೆ ಕಾಲೇಜಿನ ಕೋಣೆ-ಊಟಕ್ಕೇ ಕಟ್ಟಬೇಕು. ಅದಕ್ಕೆ ಪ್ರಯಾಣವನ್ನೂ ಸೇರಿಸಿ: ದೊಡ್ಡ ವಿಮಾನ ನಿಲ್ದಾಣದಿಂದ ಕ್ಯಾಂಪಸ್ಸಿಗೆ ಇನ್ನೊಂದು ಸಣ್ಣ ವಿಮಾನವೋ ಐದು ಗಂಟೆಯ ಬಸ್ಸೋ, ವರ್ಷಕ್ಕೆ ಎಷ್ಟು ಸಲ. ಕಾಲೇಜು ಪುಟದಲ್ಲಿರುವ, ನೆರವು ಕಳೆದು ಕಟ್ಟಬೇಕಾದ ಮೊತ್ತವನ್ನು ಅಂದಾಜಿಸುವ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಹೆಚ್ಚಾಗಿ ಅಮೆರಿಕದ ವಿದ್ಯಾರ್ಥಿಗಳಿಗಾಗಿ ಮಾಡಿದ್ದು, ಅದು ತೋರಿಸುವ ಅಂಕಿಯನ್ನು ನೆಚ್ಚಿಕೊಳ್ಳಬೇಡಿ.

ಹೆಜ್ಜೆ 9: ಸುರಕ್ಷತೆಯ ವರದಿಯನ್ನು ಓದುವ ರೀತಿ

1990ರ ಕ್ಲೆರಿ ಕಾಯ್ದೆಯ ಪ್ರಕಾರ ಕಾಲೇಜುಗಳು ಪ್ರತಿ ಅಕ್ಟೋಬರ್ 1ರೊಳಗೆ ವಾರ್ಷಿಕ ಸುರಕ್ಷತಾ ವರದಿ ಪ್ರಕಟಿಸಬೇಕು, ಅದರಲ್ಲಿ ಹಿಂದಿನ ಮೂರು ವರ್ಷದ ಅಪರಾಧಗಳ ಅಂಕಿ ಇರಬೇಕು. ಎರಡು ಕಾಲೇಜಿನ ಒಟ್ಟು ಅಂಕಿ ಪಕ್ಕಪಕ್ಕ ಇಟ್ಟು ಹೆದರಬೇಡಿ. ಕ್ಯಾಂಪಸ್ಸಿಗೆ ತಾಗಿದ ಸಾರ್ವಜನಿಕ ರಸ್ತೆಗಳೂ ಆ ಲೆಕ್ಕದಲ್ಲಿ ಬರುತ್ತವೆ, ಗೋಡೆಯಿಲ್ಲದ ನಗರದ ಕ್ಯಾಂಪಸ್ಸಿಗೆ ಅಂಥ ರಸ್ತೆ ಬೇಕಾದಷ್ಟು. ಇನ್ನೊಂದು ಕಡೆ, ವಿದ್ಯಾರ್ಥಿಗಳು ಬಾಡಿಗೆಗಿರುವ ಬಡಾವಣೆ ಎರಡು ಬೀದಿ ಆಚೆಗಿದ್ದರೆ ಅಲ್ಲಿನದು ಲೆಕ್ಕಕ್ಕೇ ಬರುವುದಿಲ್ಲ. ನಾನು ನೋಡುವುದು ಇವನ್ನು: ಡಾರ್ಮಿಟರಿಯೊಳಗಿನ ಪ್ರಕರಣಗಳ ಸಾಲು, ಮೂರು ವರ್ಷದಲ್ಲಿ ಅದು ಏರುತ್ತಿದೆಯೋ ಇಳಿಯುತ್ತಿದೆಯೋ, ಮತ್ತು ರಾತ್ರಿ ಗ್ರಂಥಾಲಯದಿಂದ ಮನೆಗೆ ಬಿಡುವ ಉಚಿತ ವಾಹನ ಎಷ್ಟು ಗಂಟೆಯವರೆಗೆ, ಎಷ್ಟು ದೂರದವರೆಗೆ ಓಡುತ್ತದೆ.

ಹೆಜ್ಜೆ 10: ಅಲ್ಲಿರುವವರನ್ನು ಕೇಳಿ, ಆದರೆ ಸರಿಯಾದ ಪ್ರಶ್ನೆ ಕೇಳಿ

“ಹೇಗಿದೆ ಕಾಲೇಜು?” ಎಂದರೆ “ಸೂಪರ್” ಎನ್ನುತ್ತಾರೆ. “ಹೋದ ಶನಿವಾರ ಏನು ಮಾಡಿದೆ?” ಎಂದು ಕೇಳಿ. “ಕೊನೆಯ ಸಲ ಕ್ಯಾಂಪಸ್ಸಿನ ಹೊರಗೆ ಹೋಗಿದ್ದು ಯಾವಾಗ, ಹೇಗೆ ಹೋದೆ?” ಎಂದು ಕೇಳಿ. “ದಿನಸಿ ಎಲ್ಲಿಂದ ತರ್ತೀಯ?” ಎಂಬ ಒಂದು ಪ್ರಶ್ನೆಗೆ ಬರುವ ಉತ್ತರ ಹತ್ತು ಬ್ರೋಷರಿಗೆ ಸಮ. ಕಾರಿರುವವರನ್ನೂ ಇಲ್ಲದವರನ್ನೂ ಇಬ್ಬರನ್ನೂ ಮಾತಾಡಿಸಿ.

ಹೋಗಿ ನೋಡುವ ಅನುಕೂಲವಿದ್ದರೆ, ದೊಡ್ಡ ಫುಟ್‌ಬಾಲ್ ಇರುವ ಊರುಗಳಲ್ಲಿ ಪಂದ್ಯದ ವಾರಾಂತ್ಯ ತಪ್ಪಿಸಿ. ಪೆನ್ ಸ್ಟೇಟ್ ಇರುವ ಸ್ಟೇಟ್ ಕಾಲೇಜ್ ಪಟ್ಟಣದ ಜನಸಂಖ್ಯೆ ನಲವತ್ತು ಸಾವಿರದ ಆಸುಪಾಸು, ಅಲ್ಲಿನ ಬೀವರ್ ಸ್ಟೇಡಿಯಂ ಹಿಡಿಸುವುದು ಲಕ್ಷಕ್ಕೂ ಹೆಚ್ಚು ಜನ. ಅಂದು ಹೋಟೆಲು ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೇಳುವ ಹಾಗಿಲ್ಲ, ಊರಿನ ನಿಜವಾದ ಮುಖವೂ ಕಾಣುವುದಿಲ್ಲ.

ಹೆಜ್ಜೆ 11: ತೀರ್ಮಾನ

ಅಂಕ ಹಾಕಿ ಕೂಡಿಸುವ ಕೋಷ್ಟಕಗಳ ಮೇಲೆ ನನಗೆ ನಂಬಿಕೆಯಿಲ್ಲ, ಬೇಕಾದ ಕಾಲೇಜು ಗೆಲ್ಲುವಂತೆ ಎಲ್ಲರೂ ಅಂಕ ಹಾಕುತ್ತಾರೆ. ಬದಲಿಗೆ ಮೊದಲು ಒಂದೇ ಕಾರಣಕ್ಕೆ ಹೊಡೆದುಹಾಕಬೇಕಾದವನ್ನು ಹೊಡೆದುಹಾಕಿ: ಬೇಕಾದ ವೈದ್ಯರಿಲ್ಲ, ರಜೆಯಲ್ಲಿ ಇರಲು ಜಾಗವಿಲ್ಲ, ಎರಡನೇ ವರ್ಷದ ಬಾಡಿಗೆ ನಮ್ಮಿಂದಾಗದು. ಉಳಿದವುಗಳಲ್ಲಿ ಓದುವ ವಿಭಾಗ ಯಾವುದು ಗಟ್ಟಿಯೋ ಅದನ್ನು ಮೇಲಿಡಿ. ವಿಭಾಗಗಳು ಸಮಸಮವಿದ್ದಾಗ ಮಾತ್ರ ಜಾಗ ತೀರ್ಪು ಕೊಡಲಿ. ಅಲ್ಲೂ ಸಂದೇಹ ಉಳಿದರೆ, ಸ್ನಾತಕ ಪದವಿಗೆ ಹೋಗುವ ಹದಿನೆಂಟರ ಮಗುವಿಗೆ ಗೆಳೆಯರು ಸುತ್ತಲೇ ಇರುವ ವಸತಿ ಕ್ಯಾಂಪಸ್, ಎರಡು ವರ್ಷದ ಮಾಸ್ಟರ್ಸ್‌ಗೆ ಹೋಗುವವರಿಗೆ ಕೆಲಸದ ಮಾರುಕಟ್ಟೆಗೆ ಹತ್ತಿರದ ಜಾಗ, ಇದು ನನ್ನ ಒಲವು.

ಸ್ನಾತಕ ಪದವಿಗೆ ಒಪ್ಪಿಗೆ ತಿಳಿಸಿ ಮುಂಗಡ ಕಟ್ಟಲು ಹೆಚ್ಚಿನ ಕಾಲೇಜುಗಳಲ್ಲಿ ಮೇ 1 ಕೊನೆಯ ದಿನ. ಮುಂಗಡ ಕಟ್ಟಿದ ದಿನವೇ ವಸತಿಯ ಅರ್ಜಿ ತೆರೆದಿದೆಯೇ ನೋಡಿ, ಮೊದಲು ಬಂದವರಿಗೆ ಮೊದಲು ಎಂದು ಕೋಣೆ ಕೊಡುವ ಕಡೆ ಒಂದು ವಾರ ತಡವಾದರೂ ಕ್ಯಾಂಪಸ್ಸಿನ ತುತ್ತತುದಿಯ ಕಟ್ಟಡ ಪಾಲಿಗೆ ಬರುತ್ತದೆ. ಆ ಅರ್ಜಿಯಲ್ಲಿ ‘ರಜೆಯಲ್ಲೂ ಇರುತ್ತೇನೆ’ ಎನ್ನುವ ಚೌಕ ಇದ್ದರೆ ಗುರುತು ಹಾಕಿ, ಇಲ್ಲದಿದ್ದರೆ ಅಂದೇ ವಸತಿ ಕಚೇರಿಗೆ ಬರೆಯಿರಿ.